ಸೀಡರ್ ಜೌಗಿನ ದಾರಿ

ಜಿಲ್ಲಾ ಜೈಲು
ಡಿಸೆಂಬರ್ 28, 1986

ಅತ್ತಿಗೆ,

ಈ ಕಾಗದವನ್ನು ಒಲೆಗೆ ಹಾಕಬೇಕೆನಿಸಿದರೆ ಹಾಕಿ, ಆದರೆ ಓದಿ ಹಾಕಿ. ನನ್ನನ್ನು ಇಲ್ಲಿಗೆ ಕಳಿಸಿದವರು ನೀವು. ಕಾಡಿನ ಗಾರ್ಡಿಗೆ ಫೋನ್ ಮಾಡಿದ್ದು ನೀವು, ಕೋರ್ಟಿನಲ್ಲಿ ನನ್ನ ಮುಖ ನೋಡದೆ ಸಾಕ್ಷಿ ಹೇಳಿದ್ದೂ ನೀವು. ಆ ಗಾರ್ಡನ್ನು ಸನಿಕೆಯಿಂದ ಹಿಮದ ಗುಡ್ಡೆಗೆ ತಳ್ಳಿದ್ದು ಮಾತ್ರ ನನ್ನದೇ ಸ್ವಂತ ಬುದ್ಧಿ. ಕೊಯೋಟಿಗಳಿಗೆ ಉರುಲು ಹಾಕಿದ್ದಕ್ಕೆ ಎರಡು ತಿಂಗಳು, ತಳ್ಳಿದ್ದಕ್ಕೆ ಎರಡು ತಿಂಗಳು. ಏಪ್ರಿಲ್ ಹದಿನೆಂಟಕ್ಕೆ ಬಿಡುತ್ತಾರಂತೆ.

ಆದರೂ ನಿಮಗೇ ಬರೆಯುತ್ತಿದ್ದೇನೆ. ಬೇರೆ ಯಾರಿದ್ದಾರೆ? ಜೌಗು ನಿಮ್ಮ ಹೆಸರಿನಲ್ಲಿದೆ. ಅದರ ಪಕ್ಕದಲ್ಲೇ ನಿಮ್ಮ ಮನೆ.

ಈ ಸಲ ಸೀಡರ್ ಮರಗಳ ಕೆಳಗೆ ಇಪ್ಪತ್ತಾರು ಜಿಂಕೆಗಳು ಬೀಡುಬಿಟ್ಟಿವೆ. ನನ್ನನ್ನು ಕರೆದುಕೊಂಡು ಹೋಗುವ ಹಿಂದಿನ ದಿನ ಎಣಿಸಿದ್ದೆ. ಏಪ್ರಿಲ್‌ವರೆಗೆ ಅವು ಅಲ್ಲಿಂದ ಕದಲುವುದಿಲ್ಲ. ರೆನಾಲ್ಡ್ ಅಣ್ಣ ತೀರಿಹೋದ ಮೇಲೆ ಹನ್ನೊಂದು ಚಳಿಗಾಲ ನಾನು ಅವುಗಳನ್ನು ಕಾದಿದ್ದೇನೆ. ಪ್ರತಿ ವರ್ಷ ಹೆಚ್ಚುಕಡಿಮೆ ಇಷ್ಟೇ ಬರುತ್ತವೆ. ಹೋದ ವಸಂತಕ್ಕೆ ಉಳಿದದ್ದು ಹನ್ನೆರಡು, ಅದರ ಹಿಂದಿನ ವರ್ಷ ಹದಿನಾಲ್ಕು. ಅಷ್ಟನ್ನಾದರೂ ಉಳಿಸಿದ್ದು ನಾನು. ಉಳಿದವನ್ನು ತಿಂದದ್ದು ತೋಳದ ಜಾತಿಯ ಆ ಕೊಯೋಟಿಗಳು. ಈ ವರ್ಷ ಯಾರೂ ಇಲ್ಲದಿದ್ದರೆ ಒಂದೂ ಉಳಿಯುವುದಿಲ್ಲ.

ಕೆಲಸ ದೊಡ್ಡದೇನಲ್ಲ. ನನ್ನ ಸೌದೆ ರಾಶಿಯ ಹಿಂದೆ ಕಡಿದಿಟ್ಟ ಸೀಡರ್ ತುದಿಗಳಿವೆ. ಎರಡು ದಿನಕ್ಕೊಮ್ಮೆ ನನ್ನ ಮೋಟಾರು ಹಿಮಬಂಡಿಯ ಹಿಂದೆ ಜಾರುಹಲಗೆ ಕಟ್ಟಿ, ಅದರ ಮೇಲೆ ತುಂಬಿ, ನನ್ನ ದಾರಿಯಲ್ಲೇ ಜೌಗಿನ ನಡುವಿನ ತನಕ ಹೋಗಿ ಸುರಿದು ಬನ್ನಿ. ದಾರಿ ಆಗಲೇ ಗಟ್ಟಿಯಾಗಿದೆ, ಬಂಡಿ ಹೂತುಹೋಗುವುದಿಲ್ಲ. ಬಂಡಿಯ ಬೀಗದ ಕೈ ನನ್ನ ಮನೆಯ ಹಿಟ್ಟಿನ ಡಬ್ಬಿಯಲ್ಲಿದೆ.

ಎಡಗಿವಿ ಸೀಳಿದ ಮುದಿ ಹೆಣ್ಣೊಂದಿದೆ. ಗುಂಪನ್ನು ನಡೆಸುವುದು ಅದೇ. ಯಾರಾದರೂ ಹತ್ತಿರ ಹೋದರೆ ಮುಂಗಾಲನ್ನು ನೆಲಕ್ಕೆ ಬಡಿದು ಬೈಯುತ್ತದೆ. ಅದಕ್ಕೆ ನಾನು 'ಅತ್ತಿಗೆ' ಎಂದು ಹೆಸರಿಟ್ಟಿದ್ದೇನೆ. ಈಗ ಹೇಳಿದರೆ ಕೋಪ ಬರುತ್ತದೆಂದು ಗೊತ್ತು, ಆದರೂ ಹೇಳಿದ್ದೇನೆ.

ಆಲ್ಸೀದ್


ಲಾವ್ವಾ ದಿಣ್ಣೆ, ಮೇಯ್ನ್
ಜನವರಿ 4, 1987

ಆಲ್ಸೀದ್,

ಕಾಗದವನ್ನು ಒಲೆಗೆ ಹಾಕಲಿಲ್ಲ. ಒಲೆಯ ಪಕ್ಕದಲ್ಲಿ ಎರಡು ದಿನ ಇಟ್ಟಿದ್ದೆ.

ಬಿಜೂ ಇನ್ನೂ ಕೊಟ್ಟಿಗೆಯಲ್ಲೇ ಇದ್ದಾನೆ. ಅವನು ಸತ್ತ ದಿನ ನೆಲ ಕಲ್ಲಾಗಿತ್ತು. ಈ ಊರಿನಲ್ಲಿ ಚಳಿಗಾಲದಲ್ಲಿ ಸತ್ತ ಮನುಷ್ಯರೇ ನೆಲ ಕರಗುವ ತನಕ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕಾಯುತ್ತಾರೆ. ನಾಯಿಗೆ ಬೇರೆ ಏನು ದಾರಿ? ರೆನಾಲ್ಡನ ಹಳೆಯ ಉಣ್ಣೆ ಕೋಟಿನಲ್ಲಿ ಸುತ್ತಿ ಮೇಲಿನ ಅಟ್ಟದಲ್ಲಿಟ್ಟಿದ್ದೇನೆ. ಸೌದೆ ತರಲು ಹೋದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಅವನು ರೆನಾಲ್ಡ್ ತಂದ ನಾಯಿ. ಆ ಮನುಷ್ಯ ಹೋದಾಗ ಬಿಜೂ ಅಂಗೈಯಗಲದ ಮರಿ. ಹನ್ನೊಂದು ವರ್ಷ ನನ್ನ ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿದ್ದ.

ನಾನು ನಿನ್ನ ಜಿಂಕೆಗಳನ್ನು ನೋಡಿಕೊಳ್ಳುತ್ತೇನೆ. ನಿನಗಾಗಿ ಅಲ್ಲ, ಅವು ರೆನಾಲ್ಡನಿಗೆ ಬೇಕಾಗಿದ್ದವು. ಆದರೆ ಬಿಟ್ಟಿಯಾಗಿ ಅಲ್ಲ. ನನಗೊಂದು ಪ್ರಶ್ನೆಯಿದೆ. ಅದಕ್ಕೆ ನೀನು ಉತ್ತರ ಕೊಡಬೇಕು.

ನಿನ್ನ ಉರುಲು ಬಿಜೂನ ಕುತ್ತಿಗೆಗೆ ಬಿದ್ದಿರಲಿಲ್ಲ, ಸೊಂಟಕ್ಕೆ ಬಿದ್ದಿತ್ತು. ಅಂದರೆ ಅವನು ತಕ್ಷಣ ಸಾಯಲಿಲ್ಲ. ಕೂಗಿರುತ್ತಾನೆ. ನಾನು ಆಲೂಗಡ್ಡೆ ಮಂಡಿಯಲ್ಲಿ ಕೆಲಸದ ಮೇಲಿದ್ದೆ. ನೀನು ಮನೆಯಲ್ಲಿದ್ದೆ. ಕೋರ್ಟಿನಲ್ಲಿ ನೀನು ಹೇಳಿದೆ, 'ಗಾಳಿ ಬಡಗಣದಿಂದ ಜೌಗಿನ ಕಡೆಗೆ ಬೀಸ್ತಿತ್ತು ಸ್ವಾಮೀ, ನನಗೆ ಏನೂ ಕೇಳ್ಸಿಲ್ಲ' ಅಂತ. ಮಾರನೆಯ ಬೆಳಿಗ್ಗೆ ನಾನು ಅವನನ್ನು ಕಂಡಾಗ ಮೈಮೇಲೆ ಸೀಡರ್ ಕೊಂಬೆಗಳಿದ್ದವು. ಗಾಳಿಗೆ ಮುರಿದು ಬಿದ್ದಿರಬೇಕು ಎಂದ ಗಾರ್ಡ್. ಗಾಳಿಗೆ ಮುರಿದ ಕೊಂಬೆಯ ಮೇಲೆ ಕೊಡಲಿಯ ಗುರುತು ಇರುತ್ತದೆಯೇ? ಅದನ್ನು ನಾನು ಕೋರ್ಟಿನಲ್ಲಿ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೇ ಗೊತ್ತಿಲ್ಲ.

ನಿನಗೆ ಅವನ ಕೂಗು ಕೇಳಿಸಿತೇ? ಹೌದು ಅಥವಾ ಇಲ್ಲ, ಅಷ್ಟು ಬರೆ.

ಜೆರ್ಮೇನ್ ವಯೊಲೆಟ್


ಜಿಲ್ಲಾ ಜೈಲು
ಜನವರಿ 13, 1987

ಅತ್ತಿಗೆ,

ನೀವು ಒಪ್ಪಿದಿರಿ ಎಂದು ಓದಿ ಕೂತಲ್ಲೇ ಕಣ್ಣು ಒದ್ದೆಯಾಯಿತು. ಪಕ್ಕದಲ್ಲಿದ್ದವನು, 'ಏನಯ್ಯಾ, ಮನೇಲಿ ಯಾರಾದ್ರೂ ಹೋದ್ರಾ?' ಎಂದು ಕೇಳಿದ. ಇಲ್ಲ, ಜಿಂಕೆಗಳಿಗೆ ಮೇವು ಸಿಕ್ಕಿತು ಎಂದೆ. ಅಂದಿನಿಂದ ನನ್ನನ್ನು ಹುಚ್ಚನ ಲೆಕ್ಕಕ್ಕೆ ಸೇರಿಸಿದ್ದಾರೆ. ಇಲ್ಲಿ ನನಗೆ ಅಡುಗೆಮನೆ ಕೆಲಸ. ಮೂವತ್ತು ವರ್ಷ ಆಲೂಗಡ್ಡೆ ಬೆಳೆದವನು ಈಗ ದಿನಕ್ಕೆ ಎರಡು ಮೂಟೆ ಸುಲಿಯುತ್ತಿದ್ದೇನೆ. ದೇವರಿಗೆ ನನ್ನ ಮೇಲೆ ಎಷ್ಟು ನಗು ಬಂದಿರಬೇಕು ನೋಡಿ.

ಕೊಯೋಟಿಯ ರೀತಿ ನಿಮಗೆ ತಿಳಿದಿರಲಿ. ಅದು ಬೆಕ್ಕಿನಂತೆ ಹೊಂಚಿ ಹಾರುವುದಿಲ್ಲ. ಮೊದಲು ಪರೀಕ್ಷೆ ಮಾಡುತ್ತದೆ. ಮೂರೋ ನಾಲ್ಕೋ ಸೇರಿ ಗುಂಪಿನತ್ತ ಸುಮ್ಮನೆ ಓಡಿ ಬರುತ್ತವೆ. ಜಿಂಕೆಗಳು ಚದುರಿದಾಗ ಯಾವುದು ಹಿಂದೆ ಬೀಳುತ್ತದೆ, ಯಾವುದು ಕುಂಟುತ್ತದೆ ಎಂದು ನೋಡಿಕೊಳ್ಳುತ್ತವೆ. ಅಂದು ಮುಟ್ಟುವುದಿಲ್ಲ. ಮಾರನೆಯ ದಿನ ಬಂದು ನೇರವಾಗಿ ಅದನ್ನೇ ಹಿಡಿಯುತ್ತವೆ. ಒಂದು ಹಿಂದಿನಿಂದ ತೊಡೆಗೆ ಬಾಯಿ ಹಾಕಿದರೆ ಇನ್ನೊಂದು ಗಂಟಲಿಗೆ.

ಆದರೆ ಅವುಗಳಿಗೂ ತೊಂದರೆಯಿದೆ. ಮೆತ್ತನೆಯ ಆಳದ ಹಿಮದಲ್ಲಿ ಕೊಯೋಟಿ ಹೊಟ್ಟೆಯ ತನಕ ಹೂತುಹೋಗುತ್ತದೆ. ಈಜಿದ ಹಾಗೆ ಬರಬೇಕು, ನಾಲ್ಕು ಹೆಜ್ಜೆಗೆ ಉಸಿರುಗಟ್ಟುತ್ತದೆ. ಜಿಂಕೆಗಳು ತಾವೇ ತುಳಿದು ಮಾಡಿಕೊಂಡ ಜಾಡಿನಲ್ಲಿ ಓಡಿ ತಪ್ಪಿಸಿಕೊಳ್ಳುತ್ತವೆ. ನೀವು ಹೆದರಬೇಕಾದದ್ದು ಫೆಬ್ರವರಿಯ ಮಳೆಗೆ. ಮಳೆ ಬಿದ್ದು ಮೇಲೆ ಹೆಪ್ಪುಗಟ್ಟಿದರೆ ಹಿಮಕ್ಕೆ ಹಕ್ಕಳೆ ಬರುತ್ತದೆ. ಅದು ಕೊಯೋಟಿಯ ಭಾರ ತಡೆಯುತ್ತದೆ, ಜಿಂಕೆಯ ಗೊರಸನ್ನು ತಡೆಯುವುದಿಲ್ಲ. ಆಗ ಅದು ಆಟವೇ ಅಲ್ಲ, ಕಸಾಯಿಖಾನೆ.

ದಾರಿಯನ್ನು ಚೆನ್ನಾಗಿ ತುಳಿಸಿಡಿ. 'ಅತ್ತಿಗೆ'ಯ ಹಿಂದೆ ಹೋದ ವರ್ಷದ ಮರಿಯಿದೆ, ಹಣೆಯ ಮೇಲೆ ಬಿಳಿ ಮಚ್ಚೆ. ಅದು ಹೇಗಿದೆ ಬರೆಯಿರಿ.

ಆಲ್ಸೀದ್


ಲಾವ್ವಾ ದಿಣ್ಣೆ
ಜನವರಿ 27, 1987

ಆಲ್ಸೀದ್,

ಎರಡು ಹಾಳೆ ತುಂಬ ಬರೆದೆ, ನಾನು ಕೇಳಿದ ಒಂದು ಪದ ಅದರಲ್ಲಿಲ್ಲ. ಆಲೂಗಡ್ಡೆ ಸುಲಿಯುವಷ್ಟೇ ಚೆನ್ನಾಗಿ ಮಾತು ತಪ್ಪಿಸುವುದನ್ನೂ ಕಲಿತಿದ್ದೀಯ.

ನಿನ್ನ ಹಿಮಬಂಡಿ ನಿನ್ನ ಹಾಗೆಯೇ, ಹತ್ತು ಸಲ ಹಗ್ಗ ಎಳೆದರೆ ಒಂದು ಸಲ ಮಾತನಾಡುತ್ತದೆ. ಆದರೂ ಎರಡು ದಿನಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದೇನೆ. ಮೊನ್ನೆ ಅಂಗಡಿಗೆ ಹೋಗಿದ್ದೆ. ಒನೇಸಿಮ್ ಗಲ್ಲಾದ ಹಿಂದಿನಿಂದಲೇ ಶುರುಮಾಡಿದ.

'ಏನ್ ಜೆರ್ಮೇನ್, ಮೈದುನನ್ನ ಒಳಗೆ ಹಾಕ್ಸಿ ಅವ್ನ ಜಿಂಕೆಗಳ್ನ ಅಳಿಯಂದಿರ ಥರ ಉಪಚಾರ ಮಾಡ್ತಿದೀಯಂತೆ?'

'ಅಳಿಯಂದಿರಾಗಿದ್ರೆ ಇಷ್ಟೊತ್ತಿಗೆ ಮುನಿಸ್ಕೊಂಡು ಎದ್ದು ಹೋಗಿರೋರು. ಇವು ಹಾಕಿದ್ದು ತಿಂತಾವೆ, ಬಾಯಿ ಮುಚ್ಕೊಂಡಿರ್ತಾವೆ. ನೀನೂ ಕಲಿ,' ಎಂದೆ.

ಅಂಗಡಿಯಲ್ಲಿದ್ದವರು ನಕ್ಕರು. ಮನೆಗೆ ಬರುವ ದಾರಿಯಲ್ಲಿ ನನಗೆ ನಗು ಬರಲಿಲ್ಲ.

'ಅತ್ತಿಗೆ'ಯನ್ನು ನೋಡಿದೆ. ನಿನ್ನ ಸೊಕ್ಕಿಗೆ ಏನು ಹೇಳಲಿ! ನಿಜವಾಗಿಯೂ ಕಾಲು ಬಡಿದು ಬೈಯಿತು. ಬಿಳಿ ಮಚ್ಚೆಯ ಮರಿ ಅದರ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ.

ಈಗ ಕೆಟ್ಟ ಸುದ್ದಿ. ಗುರುವಾರ ಮಧ್ಯಾಹ್ನ ಸತ್ತ ಮೊದಲ ಜಿಂಕೆಯನ್ನು ಕಂಡೆ. ಮುದಿ ಗಂಡು, ನೀನು ಸೊಪ್ಪು ಸುರಿಯುವ ಜಾಗದಿಂದ ಇಪ್ಪತ್ತು ಹೆಜ್ಜೆಯಾಚೆ. ತೊಡೆಯಿಂದ ತಿನ್ನಲು ಶುರುಮಾಡಿದ್ದವು. ಇನ್ನೂ ಹಬೆಯಾಡುತ್ತಿತ್ತು. ನಾನು ಬಂಡಿ ನಿಲ್ಲಿಸಿ ಕೂತೆ. ಸೀಡರ್‌ಗಳ ನಡುವಿನಿಂದ ಒಂದು ಕೊಯೋಟಿ ನನ್ನನ್ನು ನೋಡುತ್ತ ನಿಂತಿತ್ತು. ನರಿಗಿಂತ ಎತ್ತರ, ಹಳದಿ ಕಣ್ಣು. ಓಡಲಿಲ್ಲ. ನಾನು ಯಾವಾಗ ಎದ್ದು ಹೋಗುತ್ತೇನೆ ಎಂದು ಕಾಯುತ್ತಿತ್ತು.

ವಾಪಸ್ ಬರುವಾಗ ನೆಲ ನೋಡಿಕೊಂಡು ಬಂದೆ. ಅವುಗಳ ಹೆಜ್ಜೆ ಎಲ್ಲಿಂದ ಬಂತು ಗೊತ್ತೇ? ಕಾಡಿನಿಂದಲ್ಲ. ರಸ್ತೆಯಿಂದ. ನಿನ್ನ ದಾರಿಯ ಬಾಯಿಂದ ಹಿಡಿದು ಸೊಪ್ಪಿನ ರಾಶಿಯ ತನಕ, ಬಂಡಿಯ ಗುರುತಿನ ಮೇಲೆ ಒಂದರ ಹಿಂದೊಂದು ನಾಲ್ಕು. ಎಲ್ಲೂ ಹೂತಿಲ್ಲ. ನಾನು ಸಂತೆಗೆ ಹೋಗುವ ಹಾಗೆ ನಡೆದು ಬಂದಿವೆ.

ನಾನಿನ್ನೂ ಕಾಯುತ್ತಿದ್ದೇನೆ. ಹೌದೋ, ಇಲ್ಲವೋ?

ಜೆರ್ಮೇನ್ ವಯೊಲೆಟ್


ಜಿಲ್ಲಾ ಜೈಲು
ಫೆಬ್ರವರಿ 3, 1987

ಅತ್ತಿಗೆ,

ರಾಶಿಯ ಹತ್ತಿರವೇ ಹಿಡಿದಿವೆ ಎಂದರೆ ಇನ್ನು ನಿಲ್ಲುವುದಿಲ್ಲ. ರುಚಿ ಸಿಕ್ಕಿದೆ. ವಾರಕ್ಕೆ ಒಂದು, ಎರಡು. ನಾನಿಲ್ಲಿ ಗೋಡೆ ಎಣಿಸುತ್ತ ಕೂತಿದ್ದೇನೆ.

ನೀವು ಮಾಡಬೇಕಾದದ್ದು ಒಂದೇ. ಬರೆಯಲು ಕೈ ಹಿಂಜರಿಯುತ್ತಿದೆ, ಆದರೆ ಹೇಳದೆ ಇರಲಾರೆ. ಗಾರ್ಡ್ ನನ್ನ ಉರುಲುಗಳನ್ನೆಲ್ಲ ಒಯ್ದ ಎಂದು ನೀವು ತಿಳಿದಿದ್ದೀರಿ. ಇನ್ನೂ ಆರು ಇವೆ. ನನ್ನ ಕೊಟ್ಟಿಗೆಯಲ್ಲಿ ಓಟ್ಸ್ ಪೀಪಾಯಿಯ ಹಿಂದಿನ ಹಲಗೆ ಕಿತ್ತರೆ ಸಿಗುತ್ತವೆ. ದಾರಿ ಕಿರಿದಾಗುವ ಕಡೆ, ಎರಡು ಸ್ಪ್ರೂಸ್ ಮರಗಳ ನಡುವೆ, ನಿಮ್ಮ ಮೊಣಕಾಲಿನ ಎತ್ತರಕ್ಕೆ ತಂತಿ ಕಟ್ಟಿ. ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮೇಲೆ ಯಾರು ಸಂಶಯಪಡುತ್ತಾರೆ?

ನನಗೆ ಗೊತ್ತು ನಾನು ಏನು ಕೇಳುತ್ತಿದ್ದೇನೆಂದು. ಇಪ್ಪತ್ತೈದು ಜೀವ ಉಳಿದಿದೆ, ಅತ್ತಿಗೆ.

ಗಾಳಿಯ ವಿಷಯ ಕೋರ್ಟಿನಲ್ಲಿ ಹೇಳಿಯಾಗಿದೆ. ಅದನ್ನೇ ಎಷ್ಟು ಸಲ ಹೇಳಲಿ?

ಆಲ್ಸೀದ್


ಲಾವ್ವಾ ದಿಣ್ಣೆ
ಫೆಬ್ರವರಿ 10, 1987

ಆಲ್ಸೀದ್,

ಹಲಗೆ ಕಿತ್ತೆ. ಆರೂ ಸಿಕ್ಕವು. ಒಂದರ ತಂತಿಯನ್ನು ಕೈಗೆ ಸುತ್ತಿಕೊಂಡು ಎಳೆದು ನೋಡಿದೆ, ಎಷ್ಟು ಬಿಗಿಯುತ್ತದೆ ಎಂದು. ಆಮೇಲೆ ಆರನ್ನೂ ತಂತಿ ಕತ್ತರಿಯಿಂದ ತುಂಡು ಮಾಡಿ ಕಸದ ಡಬ್ಬಕ್ಕೆ ಹಾಕಿದೆ. ನನ್ನ ಅಟ್ಟದ ಮೇಲೆ ಹೆಣವಿದೆ, ನೀನು ನನಗೆ ಉರುಲು ಕಟ್ಟಲು ಹೇಳುತ್ತೀಯ! ನಿನಗೆ ನಾಚಿಕೆಯಾಗಲಿಲ್ಲವೇ?

ಇನ್ನೆರಡು ಸತ್ತಿವೆ. ಎರಡೂ ದಾರಿಯ ಪಕ್ಕದಲ್ಲೇ. ಈಗ ಇಪ್ಪತ್ಮೂರು.

ಮೆತ್ತನೆಯ ಹಿಮದಲ್ಲಿ ಕೊಯೋಟಿ ಹೊಟ್ಟೆಯ ತನಕ ಹೂತುಹೋಗುತ್ತದೆ ಎಂದು ನೀನೇ ಬರೆದೆ. ಜೌಗಿನ ಸುತ್ತ ಎದೆಮಟ್ಟ ಹಿಮವಿದೆ. ಹಾಗಾದರೆ ಅವು ಒಳಗೆ ಬಂದದ್ದು ಹೇಗೆ? ನಾವು ತುಳಿಸಿದ ದಾರಿಯಿಂದ, ಆಲ್ಸೀದ್. ಬೇರೆ ಯಾವ ಕಡೆಯಿಂದಲೂ ಒಂದು ಹೆಜ್ಜೆಯಿಲ್ಲ. ನಾನು ಹಿಮದ ಮೇಲೆ ನಡೆಯುವ ಹೆಣಿಗೆಯ ಅಗಲ ಮೆಟ್ಟು ಹಾಕಿಕೊಂಡು ದಿಣ್ಣೆಯ ಮೇಲಿನಿಂದ ಜೌಗಿನ ಸುತ್ತಲೂ ನಡೆದು ನೋಡಿದೆ, ಅರ್ಧ ದಿನ. ನಿನ್ನ ದಾರಿಯೊಂದೇ ಅವುಗಳ ಬಾಗಿಲು. ಸೊಪ್ಪಿನ ಆಸೆಗೆ ಜಿಂಕೆಗಳೆಲ್ಲ ದಾರಿಯ ತುದಿಯಲ್ಲಿ ಒಟ್ಟುಗೂಡುತ್ತವೆ. ಅವುಗಳಿಗೆ ಹುಡುಕುವ ಕಷ್ಟವೂ ಇಲ್ಲ.

ನಾನು ಇವತ್ತಿನಿಂದ ನಿಲ್ಲಿಸಿದ್ದೇನೆ. ಬಂಡಿಯೂ ಇಲ್ಲ, ಸೊಪ್ಪೂ ಇಲ್ಲ. ಹಿಮ ಬಿದ್ದು ದಾರಿ ಮುಚ್ಚಿಹೋಗಲಿ.

ಇದನ್ನು ಬರೆಯುತ್ತಿರುವಾಗಲೇ ಸೂರಿನ ಮೇಲೆ ಸದ್ದಾಗುತ್ತಿದೆ. ಹಿಮವಲ್ಲ, ಮಳೆ.

ಜೆರ್ಮೇನ್ ವಯೊಲೆಟ್


ಜಿಲ್ಲಾ ಜೈಲು
ಫೆಬ್ರವರಿ 16, 1987

ನೀವು ನನ್ನ ಮೇಲಿನ ಸೇಡನ್ನು ಆ ಮೂಕಪ್ರಾಣಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ. ಹನ್ನೊಂದು ವರ್ಷ ನಾನು ಮಾಡಿದ್ದೆಲ್ಲ ತಪ್ಪು, ಒಂದು ತಿಂಗಳು ಬಂಡಿ ಓಡಿಸಿದ ನೀವು ಸರಿ, ಅಲ್ಲವೇ? ಮಳೆ ಇಲ್ಲಿಯೂ ಬಿತ್ತು. ಈಗ ಕಿಟಕಿಯಾಚೆ ನೆಲವೆಲ್ಲ ಗಾಜಾಗಿದೆ. ಹಸಿದ ಹೊಟ್ಟೆಯಲ್ಲಿ ಅವು ಹೇಗೆ ಓಡುತ್ತವೆ?

ಸೊಪ್ಪು ಹಾಕಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಹಾಕಿ.

ಆಲ್ಸೀದ್


ಲಾವ್ವಾ ದಿಣ್ಣೆ
ಮಾರ್ಚ್ 1, 1987

ಆಲ್ಸೀದ್,

ನಿನ್ನ ಕಾಗದ ಓದಿ ಒಂದು ದಿನ ಹಿಡಿದುಕೊಂಡೆ. ಎರಡನೆಯ ದಿನ ತಡೆಯಲಾಗಲಿಲ್ಲ. ನಾನೇ ತಪ್ಪಾಗಿದ್ದರೆ? ನಿನ್ನ ಮೇಲಿನ ಸಿಟ್ಟೇ ನನ್ನ ಕಣ್ಣು ಕಟ್ಟಿದ್ದರೆ? ಹಾಗೆಂದುಕೊಂಡು ಫೆಬ್ರವರಿ ಇಪ್ಪತ್ತರ ಮಧ್ಯಾಹ್ನ ಊಟ ಮುಗಿಸಿ ನಿನ್ನ ಸೌದೆ ರಾಶಿಯ ಹತ್ತಿರ ಹೋದೆ. ಒಂದೇ ಒಂದು ಸಲ ಸೊಪ್ಪು ಹಾಕಿ ಬರೋಣ ಎಂದು. ಮೊದಲನೆಯ ಕೊಂಬೆ ಎತ್ತಿ ಜಾರುಹಲಗೆಯ ಮೇಲಿಟ್ಟೆ. ಎರಡನೆಯದನ್ನು ಎತ್ತುವಾಗ ಕೂಗು ಕೇಳಿಸಿತು.

ಜಿಂಕೆ ಕೂಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕುರಿಮರಿಯಂತಿತ್ತು, ಆದರೆ ಉದ್ದ. ಎಲ್ಲ ಬಿಟ್ಟು ಓಡಿದೆ. ಹಕ್ಕಳೆಯ ಮೇಲೆ ಮೆಟ್ಟು ಜಾರಿ ಎರಡು ಸಲ ಬಿದ್ದೆ, ಮೊಣಕೈ ಇನ್ನೂ ನೋಯುತ್ತದೆ. ಜೌಗಿನ ಅಂಚಿನ ಕೆರೆಯ ಹತ್ತಿರ ಬಂದಾಗ ಕಂಡಿತು.

ಬಿಳಿ ಮಚ್ಚೆಯ ಮರಿ ಕೆರೆಯ ಮಂಜುಗಡ್ಡೆಯ ಮೇಲಿತ್ತು. ಮೂರು ಕೊಯೋಟಿಗಳು ಅದನ್ನು ದಡದಿಂದ ಅಲ್ಲಿಗೆ ಅಟ್ಟಿದ್ದವು. ಅದರ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿ ಹೊಟ್ಟೆ ನೆಲಕ್ಕೆ ಹತ್ತಿತ್ತು. ಎದ್ದರೆ ಬೀಳುತ್ತಿತ್ತು. ಅವುಗಳಿಗೆ ಆತುರವೇ ಇರಲಿಲ್ಲ. ಒಂದು ಕೂತೇ ಇತ್ತು, ಬಾಗಿಲ ಮುಂದಿನ ನಾಯಿಯ ಹಾಗೆ. ಇನ್ನೊಂದು ಹಿಂದಿನಿಂದ ಬಂದು ಕಚ್ಚಿ ಬಿಡುತ್ತಿತ್ತು, ಮತ್ತೆ ಬಂದು ಕಚ್ಚುತ್ತಿತ್ತು. ನಾನು ಕಿರುಚಿದೆ. ಕೈಗೆ ಸಿಕ್ಕ ಕೊಂಬೆ ಎಸೆದೆ. ನಾನಿದ್ದ ಕಡೆ ತೊರೆ ಸೇರುವಲ್ಲಿ ಮಂಜುಗಡ್ಡೆಯ ಅಂಚು ತೆಳುವಾಗಿ ಬಿಟ್ಟುಕೊಂಡಿತ್ತು, ಕಾಲಿಟ್ಟರೆ ನಾನೂ ಒಳಗೆ ಹೋಗುತ್ತಿದ್ದೆ. ಆಚೆ ದಡದಲ್ಲಿ ಮುದಿ ತಾಯಿ ನಿಂತಿತ್ತು, ಕಿವಿ ಸೀಳಿದ್ದು. ಕಾಲು ಬಡಿಯುತ್ತಿತ್ತು. ಬಡಿಯುತ್ತಲೇ ಇತ್ತು. ಈಚೆ ದಡದಲ್ಲಿ ನಾನು. ನಮ್ಮಿಬ್ಬರಿಂದಲೂ ಏನೂ ಆಗಲಿಲ್ಲ.

ಗಂಟಲು ಹಿಡಿಯುವ ತನಕ ಅದು ಕೂಗುತ್ತಲೇ ಇತ್ತು.

ಹಕ್ಕಳೆ ಇದ್ದ ಹತ್ತು ದಿನದಲ್ಲಿ ಹೀಗೆ ಮೂರು ಹೋದವು. ಅದಕ್ಕೆ ನಿನ್ನ ದಾರಿ ಕಾರಣವಲ್ಲ, ಅದನ್ನು ಒಪ್ಪುತ್ತೇನೆ. ಇಪ್ಪತ್ನಾಲ್ಕನೇ ತಾರೀಖಿನಿಂದ ನಾಲ್ಕು ದಿನ ಸತತವಾಗಿ ಹಿಮ ಬಿತ್ತು. ಒನೇಸಿಮ್‌ನ ಅಂಗಡಿಯ ಕಿಟಕಿ ಮುಚ್ಚಿಹೋಗಿದೆ. ನಿನ್ನ ದಾರಿ ಎಲ್ಲಿತ್ತೆಂದು ನನಗೇ ಗೊತ್ತಾಗುತ್ತಿಲ್ಲ. ಅಂದಿನಿಂದ ಜೌಗಿನಲ್ಲಿ ಒಂದು ಕೊಯೋಟಿಯ ಹೆಜ್ಜೆಯೂ ಇಲ್ಲ.

ನಾನು ಬರೆಯಬೇಕೆಂದು ಕೂತದ್ದು ಇದಲ್ಲ. ಆ ದಿನವೂ ಗಾಳಿ ಬಡಗಣದಿಂದಲೇ ಬೀಸುತ್ತಿತ್ತು. ಕೆರೆ ಬಿಜೂ ಸಿಕ್ಕ ಜಾಗಕ್ಕಿಂತ ದೂರ. ಆದರೂ ನಿನ್ನ ಸೌದೆ ರಾಶಿಯ ಹತ್ತಿರ ನಿಂತ ನನಗೆ, ಐವತ್ತೆಂಟು ವರ್ಷದ ನನ್ನ ಕಿವಿಗೆ, ಪಕ್ಕದ ಕೋಣೆಯಲ್ಲಿ ಮಗು ಅತ್ತಷ್ಟು ಚೆನ್ನಾಗಿ ಕೇಳಿಸಿತು.

ಇನ್ನು ನಾನು ಕೇಳುವುದಿಲ್ಲ.

ಜೆರ್ಮೇನ್ ವಯೊಲೆಟ್


ಲಾವ್ವಾ ದಿಣ್ಣೆ
ಮಾರ್ಚ್ 29, 1987

ಆಲ್ಸೀದ್,

ನಾಲ್ಕು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಕಾಯಿಲೆಯಾಗಿದೆಯೇನೋ ಎಂದು ಜೈಲಿಗೆ ಫೋನ್ ಮಾಡಿದೆ. ಚೆನ್ನಾಗಿದ್ದಾನೆ, ಅಡುಗೆಮನೆಯಲ್ಲಿದ್ದಾನೆ ಎಂದರು. ಹಾಗಾದರೆ ಓದಿದ್ದೀಯ.

ಮಾತು ಕೊಟ್ಟದ್ದರಿಂದ ಲೆಕ್ಕ ಒಪ್ಪಿಸುತ್ತೇನೆ. ಈ ತಿಂಗಳು ಒಂದು ಮುದಿ ಹೆಣ್ಣು ಹಸಿವಿನಿಂದ ಸತ್ತಿತು. 'ಅತ್ತಿಗೆ' ಅಲ್ಲ, ಇನ್ನೊಂದು. ತೊಡೆಮೂಳೆ ಒಡೆದು ನೋಡಿದೆ, ರೆನಾಲ್ಡ್ ನೋಡುತ್ತಿದ್ದ ಹಾಗೆ. ಮಜ್ಜೆ ಬೆಳ್ಳಗೆ ಗಟ್ಟಿಯಾಗಿರಲಿಲ್ಲ, ಕೆಂಪು ಲೋಳೆಯಾಗಿತ್ತು. ಅದರ ಮೈಯಲ್ಲಿ ಏನೂ ಉಳಿದಿರಲಿಲ್ಲ. ಅದು ನನ್ನ ಲೆಕ್ಕಕ್ಕೆ, ನಾನು ಸೊಪ್ಪು ನಿಲ್ಲಿಸಿದ್ದಕ್ಕೆ. ಉಳಿದವು ಗಾಳಿಗೆ ಬಿದ್ದ ಕೊಂಬೆ, ಮರದ ಹಾವಸೆ ತಿಂದುಕೊಂಡು ಇದ್ದವು.

ನಿನ್ನೆ ದಿಣ್ಣೆಯ ಮೇಲಿನಿಂದ ರೆನಾಲ್ಡನ ದುರ್ಬೀನಿನಲ್ಲಿ ಎಣಿಸಿದೆ. ನಂಬಲಾಗದೆ ಮೂರು ಸಲ ಎಣಿಸಿದೆ. ಹತ್ತೊಂಬತ್ತು.

ನೀನು ಹೋದ ವರ್ಷ ಉಳಿಸಿದ್ದು ಹನ್ನೆರಡು. ಅದರ ಹಿಂದೆ ಹದಿನಾಲ್ಕು.

ಇದನ್ನು ಬರೆಯುವಾಗ ನನಗೆ ಸಂತೋಷವಾಗುತ್ತಿಲ್ಲ. ನೀನು ಹನ್ನೊಂದು ಚಳಿಗಾಲ ಮೂಳೆ ಕೊರೆಯುವ ಚಳಿಯಲ್ಲಿ ಸೊಪ್ಪು ಹೊತ್ತೆ, ಅವುಗಳ ಮೇಲಿನ ಪ್ರೀತಿಗೇ ಹೊತ್ತೆ. ನಾನು ಕಿಟಕಿಯಿಂದ ನೋಡುತ್ತಿದ್ದೆ, ನಿನ್ನಂಥವನು ನನ್ನ ಮೈದುನನೆಂದು ಹೆಮ್ಮೆಯಾಗುತ್ತಿತ್ತು. ಆದರೆ ಸತ್ಯ ಇದು.

ಜೆರ್ಮೇನ್


ನನ್ನ ಮನೆ
ಏಪ್ರಿಲ್ 19, 1987

ಅತ್ತಿಗೆ,

ಇದನ್ನು ನಿಮ್ಮ ಬಾಗಿಲ ಸಂದಿಗೆ ಸಿಕ್ಕಿಸಿ ಹೋಗುತ್ತೇನೆ. ನೀವು ಈಸ್ಟರ್ ಪೂಜೆಗೆ ಇಗರ್ಜಿಗೆ ಹೋಗಿದ್ದೀರೆಂದು ಗೊತ್ತು. ಅದಕ್ಕೇ ಈಗ ಬರುತ್ತಿದ್ದೇನೆ. ಎದುರು ನಿಂತು ಹೇಳುವ ಗುಂಡಿಗೆ ನನಗಿಲ್ಲ.

ನಿನ್ನೆ ಬಿಟ್ಟರು. ಮನೆಗೆ ಬಂದು ಚೀಲವನ್ನೂ ಇಳಿಸದೆ ಜೌಗಿಗೆ ಹೋದೆ. ಹಿಮ ಕರಗಿ ದಾರಿ ಮತ್ತೆ ಕಾಣುತ್ತಿದೆ. ಹೋದ ವರ್ಷಗಳ ಮೂಳೆಗಳೂ ಕಾಣುತ್ತಿವೆ. ಅವುಗಳನ್ನು ನಾನು ಪ್ರತಿ ವಸಂತದಲ್ಲೂ ನೋಡಿದ್ದೆ, ಪ್ರತಿ ವಸಂತದಲ್ಲೂ ಕೊಯೋಟಿಗಳನ್ನು ಬೈದಿದ್ದೆ. ಈ ಸಲ ಹೆಜ್ಜೆ ಹಾಕಿ ಅಳೆದು ನೋಡಿದೆ. ದಾರಿಯ ಎರಡೂ ಬದಿಗೆ ಮೂವತ್ತು ಹೆಜ್ಜೆಯೊಳಗೇ ಎಲ್ಲ ಬಿದ್ದಿವೆ. ಆಚೆಗೆ ಒಂದೂ ಇಲ್ಲ. ಹನ್ನೊಂದು ವರ್ಷ ನನ್ನ ಕಣ್ಣೆದುರಿಗೇ ಇತ್ತು.

ದಾರಿಯ ಬಾಯಿಗೆ ಅಡ್ಡವಾಗಿ ಇವತ್ತು ಬೆಳಿಗ್ಗೆ ಮೂರು ಸ್ಪ್ರೂಸ್ ಮರ ಕೆಡವಿದ್ದೇನೆ. ಹಬ್ಬದ ದಿನ ಕೊಡಲಿ ಹಿಡಿದ ಪಾಪ ನನಗೆ ಇರಲಿ.

ಈಗ ನಿಮ್ಮ ಪ್ರಶ್ನೆ.

ಕೇಳಿಸಿತು.

ಸೌದೆ ಸೀಳುತ್ತಿದ್ದೆ. ಮೊದಲ ಕೂಗಿಗೇ ಅದು ಬಿಜೂ ಎಂದು ತಿಳಿಯಿತು. ಅವನ ದನಿ ನನಗೆ ಗೊತ್ತಿಲ್ಲವೇ? ಅವನು ಮರಿಯಾಗಿದ್ದಾಗ ನನ್ನ ಅಂಗಿಯೊಳಗೆ ಮಲಗಿದವನು. ಕೊಡಲಿ ಹಿಡಿದುಕೊಂಡೇ ಓಡಿದೆ. ಆದರೆ ಗಾರ್ಡಿನ ಲಾರಿ ದಾರಿಯ ಬಾಯಿಯ ಹತ್ತಿರ ನಿಂತಿತ್ತು. ಎಂಜಿನ್ ಹಾಕಿಕೊಂಡು, ಗಾಜು ಏರಿಸಿಕೊಂಡು ಒಳಗೆ ಕೂತು ಊಟ ಮಾಡುತ್ತಿದ್ದ. ಅವನು ಅದಾಗಲೇ ನನಗೆ ಎರಡು ಸಲ ಎಚ್ಚರಿಕೆ ಕೊಟ್ಟಿದ್ದ. ಅವನ ಕಣ್ಣೆದುರಿಗೆ ಒಳಗೆ ಹೋದರೆ ಉರುಲುಗಳೆಲ್ಲ ಸಿಗುತ್ತಿದ್ದವು. ನಾನು ಜೈಲಿಗೆ ಹೋಗುತ್ತಿದ್ದೆ. ಜಿಂಕೆಗಳನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಹಾಗೆಂದುಕೊಂಡೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ನನ್ನ ಭಯ. ಲಾರಿ ಹೋಗಲಿ, ಆಮೇಲೆ ಬಿಡಿಸಿದರಾಯಿತು ಎಂದು ಮರದ ಮರೆಯಲ್ಲಿ ನಿಂತೆ.

ಲಾರಿ ಹೋದಾಗ ಕೂಗು ನಿಂತಿತ್ತು. ಅವನನ್ನು ಎತ್ತಿಕೊಂಡು ನಿಮ್ಮ ಬಾಗಿಲಿಗೆ ಬರಬೇಕಿತ್ತು. ಬರಲಾಗಲಿಲ್ಲ. ಕೊಯೋಟಿಗಳು ಮುಟ್ಟದಿರಲಿ ಎಂದು ಕೊಂಬೆ ಕಡಿದು ಮುಚ್ಚಿ ಬಂದೆ.

ನನ್ನದೇ ದಾರಿಯಲ್ಲಿ ಬಂದು ನನ್ನದೇ ಉರುಲಿಗೆ ಬಿದ್ದ.

ಆಲ್ಸೀದ್


ಏಪ್ರಿಲ್ 19, ಸಂಜೆ

ಆಲ್ಸೀದ್,

ಈ ಚೀಟಿಯನ್ನು ನಿನ್ನ ಅಂಚೆ ಡಬ್ಬಕ್ಕೆ ಹಾಕುತ್ತಿದ್ದೇನೆ. ಒಳಗೆ ದೀಪ ಕಾಣುತ್ತಿದೆ, ಬಾಗಿಲು ತಟ್ಟುವುದಿಲ್ಲ.

ಎಷ್ಟು ಹೊತ್ತು ಕೂಗಿದ?

ಜೆರ್ಮೇನ್


ಏಪ್ರಿಲ್ 20

ಅತ್ತಿಗೆ,

ಮುಕ್ಕಾಲು ಗಂಟೆ.

ಆಲ್ಸೀದ್


ಲಾವ್ವಾ ದಿಣ್ಣೆ
ಮೇ 9, 1987

ಆಲ್ಸೀದ್,

ಮೂರು ವಾರ ನಿನಗೆ ಬರೆಯಲಿಲ್ಲ, ನಿನ್ನ ಮುಖ ಕಂಡರೆ ಬೇರೆ ಕಡೆ ತಿರುಗಿದೆ. ಅಡುಗೆಮನೆಯ ಗಡಿಯಾರದ ಮುಂದೆ ಒಂದು ದಿನ ಮುಕ್ಕಾಲು ಗಂಟೆ ಕೂತು ನೋಡಿದೆ. ಬಹಳ ಉದ್ದವಿದೆ. ಅದನ್ನು ನಾನು ಮರೆಯುವುದಿಲ್ಲ, ಮರೆತೆ ಎಂದು ಸುಳ್ಳೂ ಹೇಳುವುದಿಲ್ಲ. ಆದರೆ ನೀನು ನಿಮಿಷ ಕಡಿಮೆ ಮಾಡಿ ಬರೆಯಬಹುದಿತ್ತು. ಬರೆಯಲಿಲ್ಲ.

ಇವತ್ತು ಸೇಬಿನ ಮರದ ಕೆಳಗೆ ಗುದ್ದಲಿ ಊರಿ ನೋಡಿದೆ. ಅರ್ಧ ಮೊಳ ಇಳಿಯಿತು. ನೆಲ ಕರಗಿದೆ.

ನಾಳೆ ಬೆಳಿಗ್ಗೆ ಏಳಕ್ಕೆ ಬಾ. ಪ್ಲೋಯ್ ದೋಸೆ ಹುಯ್ದಿರುತ್ತೇನೆ, ತಿಂದೇ ಕೆಲಸ ಶುರುಮಾಡು. ಗುದ್ದಲಿ ನಿನ್ನದೇ ತಾ, ನನ್ನದರ ಹಿಡಿ ಸಡಿಲವಾಗಿದೆ. ಅಟ್ಟದಿಂದ ಅವನನ್ನು ನೀನೇ ಇಳಿಸಬೇಕು. ಕೋಟಿನ ಸಮೇತ ಇಳಿಸು.

ಗುಂಡಿ ಆಳವಾಗಿ ತೋಡು. ಕೊಯೋಟಿಗಳು ಕೆದಕಬಾರದು.

ನಿನ್ನ ಅತ್ತಿಗೆ